ಅರ್ಧ ಸೆಂಟಿನ ಗದ್ಯ: ಸ್ಯಾಂಟಾ ಕ್ಲಾರಾ ಕೌಂಟಿಯ ಮೆಷರ್ ಬಿ ಓದುತ್ತಾ

ಪಾಡ್‌ಕಾಸ್ಟಿನಲ್ಲಿ ಈ ವಿಷಯ ಎತ್ತಿದಾಗ ಅರ್ಧ ಗಂಟೆಯಲ್ಲಿ ಮುಗಿಸೋಣ ಅಂದುಕೊಂಡಿದ್ದೆವು. ಮುಗಿಯಲಿಲ್ಲ. ಅಲ್ಲಿ ಅರ್ಧಕ್ಕೆ ಬಿಟ್ಟದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಈ ಬ್ಲಾಗಿನಲ್ಲಿ ಕಾದಂಬರಿಗಳ ವಿಮರ್ಶೆ ಬಂದಿದೆ, ಸಿನಿಮಾಗಳದ್ದು ಬಂದಿದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿರುವ ನಮಗೆ ಎರಡು ವರ್ಷಕ್ಕೊಮ್ಮೆಯಾದರೂ ಅಂಚೆಯಲ್ಲಿ ಮನೆಗೇ ಬಂದು ಬೀಳುವ, ಒಮ್ಮೆ ಹೂಂ ಅಂದರೆ ಮೂವತ್ತು ವರ್ಷ ಜೇಬಿನಲ್ಲಿ ಕೈಯಿಟ್ಟುಕೊಂಡೇ ಇರುವ ಒಂದು ಗದ್ಯಪ್ರಕಾರ ಇದೆ. ಅದನ್ನು ಯಾರೂ ವಿಮರ್ಶೆಯ ಕಣ್ಣಿನಿಂದ ಓದುವುದಿಲ್ಲ. ಮತಪತ್ರದ ಮೇಲೆ ಅಚ್ಚಾಗುವ ಸ್ಥಳೀಯ ತೆರಿಗೆಯ ಪ್ರಶ್ನೆಯನ್ನು ಹೇಳುತ್ತಿದ್ದೇನೆ. ರಾಜ್ಯದ ಕಾನೂನಿನ ಪ್ರಕಾರ ಅದು 75 ಪದ ಮೀರುವ ಹಾಗಿಲ್ಲ. ಅಷ್ಟರಲ್ಲೇ ತೆರಿಗೆ ಎಷ್ಟು, ಎಷ್ಟು ವರ್ಷ, ಯಾವುದಕ್ಕೆ, ಯಾರು ನೋಡಿಕೊಳ್ಳುತ್ತಾರೆ ಎಲ್ಲ ಹೇಳಿ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು. ಬರೆಯುವವರಿಗೆ ಇದು ಸುಲಭದ ಕೆಲಸವಲ್ಲ. ಓದುವವರಿಗೂ ಅಲ್ಲ.

ನಾನು ಓದಲು ಎತ್ತಿಕೊಂಡಿರುವುದು 2016ರ ನವೆಂಬರಿನಲ್ಲಿ ಸ್ಯಾಂಟಾ ಕ್ಲಾರಾ ಕೌಂಟಿಯ ಮತದಾರರ ಮುಂದೆ ಬಂದ ಮೆಷರ್ ಬಿ. ಸ್ಯಾನ್ ಹೋಸೆ, ಸನ್ನಿವೇಲ್, ಕ್ಯೂಪರ್ಟಿನೋ, ಮಿಲ್ಪಿಟಾಸ್ ಎಲ್ಲ ಈ ಕೌಂಟಿಯಲ್ಲೇ ಬರುತ್ತವೆ, ಅಂದರೆ ನಮ್ಮ ಓದುಗರಲ್ಲಿ ಬಹಳಷ್ಟು ಜನ ಇಲ್ಲೇ ಇದ್ದೀರಿ. ಆ ಚುನಾವಣೆಯ ದಿನ ಎಲ್ಲರ ಗಮನ ಅಧ್ಯಕ್ಷರ ಸ್ಪರ್ಧೆಯ ಮೇಲಿತ್ತು. ಇದಕ್ಕೆ ಸುಮಾರು 72 ಪ್ರತಿಶತ ಜನ ಹೌದು ಅಂದರು, ಸುದ್ದಿಯಾಗದೆ ಹೋಯಿತು.

ಪ್ರಶ್ನೆಯ ತಿರುಳು ಕನ್ನಡದಲ್ಲಿ ಹೀಗೆ: ಟ್ರಾಫಿಕ್ ಕಡಿಮೆ ಮಾಡಲು, ಗುಂಡಿ ಮುಚ್ಚಲು, ವಿಟಿಎ ಸಂಸ್ಥೆ ಮೂವತ್ತು ವರ್ಷದ ಅರ್ಧ ಸೆಂಟ್ ಮಾರಾಟ ತೆರಿಗೆ ಹಾಕಬಹುದೇ? ಆ ಹಣದಿಂದ ಹದಿನೈದೂ ಊರುಗಳ ಬೀದಿಗಳ ರಿಪೇರಿ, ಬಾರ್ಟ್ ರೈಲನ್ನು ಸ್ಯಾನ್ ಹೋಸೆ ಪೇಟೆಯ ಮೂಲಕ ಸ್ಯಾಂಟಾ ಕ್ಲಾರಾದವರೆಗೆ ಮುಗಿಸುವುದು, ಸೈಕಲ್ಲಿನವರ ಮತ್ತು ನಡೆಯುವವರ ಸುರಕ್ಷತೆ, ಕ್ಯಾಲ್‌ಟ್ರೇನ್ ಸಾಮರ್ಥ್ಯ ಹೆಚ್ಚಿಸುವುದು, ಎಕ್ಸ್‌ಪ್ರೆಸ್‌ವೇಗಳಲ್ಲಿ ದಟ್ಟಣೆ ತಗ್ಗಿಸುವುದು, ಹಿರಿಯರಿಗೆ, ವಿದ್ಯಾರ್ಥಿಗಳಿಗೆ, ಬಡವರಿಗೆ, ಅಂಗವಿಕಲರಿಗೆ ಬಸ್ಸು-ರೈಲಿನ ಸೇವೆ ಉತ್ತಮಪಡಿಸುವುದು. ಜೊತೆಗೆ ನಾಗರಿಕರ ಸ್ವತಂತ್ರ ಕಾವಲು ಸಮಿತಿಯಿಂದ ಪ್ರತಿವರ್ಷ ಲೆಕ್ಕ ತಪಾಸಣೆ.

ಮದುವೆ ಊಟದ ಎಲೆ ಇದ್ದ ಹಾಗಿದೆ ನೋಡಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ. ಯಾರೂ ನನಗೇನೂ ಬಡಿಸಲಿಲ್ಲ ಅಂತ ಎದ್ದು ಹೋಗಬಾರದು, ಅಷ್ಟೇ ಉದ್ದೇಶ. ಆದರೆ ಎಲೆಯ ಮೇಲೆ ಯಾವುದನ್ನು ಎಷ್ಟು ಬಡಿಸಿದ್ದಾರೆ ಅನ್ನುವುದು ಈ 75 ಪದಗಳಲ್ಲಿ ಇಲ್ಲ. ಅದು ಬೇರೆ ಕಾಗದದಲ್ಲಿದೆ, ಮತದಾರರ ಕೈಪಿಡಿಯಲ್ಲಿ ಅಚ್ಚಾದ ಪೂರ್ಣ ಪಠ್ಯದಲ್ಲಿ.

ಅದನ್ನು ತೆರೆದು ನೋಡೋಣ. ಮೂವತ್ತು ವರ್ಷಕ್ಕೆ ಅಂದಾಜು ವಸೂಲಿ 2017ರ ಡಾಲರ್ ಬೆಲೆಯಲ್ಲಿ ಸುಮಾರು 6.3 ಬಿಲಿಯನ್. ಬಾರ್ಟ್ ಎರಡನೇ ಹಂತಕ್ಕೆ 1.5 ಬಿಲಿಯನ್. ಊರುಗಳ ಬೀದಿಗಳಿಗೆ 1.2 ಬಿಲಿಯನ್. ಹೆದ್ದಾರಿ ಇಂಟರ್‌ಚೇಂಜುಗಳಿಗೆ 750 ಮಿಲಿಯನ್, ಕೌಂಟಿ ಎಕ್ಸ್‌ಪ್ರೆಸ್‌ವೇಗಳಿಗೆ ಇನ್ನೊಂದು 750. ಕ್ಯಾಲ್‌ಟ್ರೇನ್ ಹಳಿ ರಸ್ತೆಯನ್ನು ದಾಟುವ ಕಡೆಗಳಲ್ಲಿ ಮೇಲುಸೇತುವೆ-ಕೆಳಸೇತುವೆಗೆ 700, ಕ್ಯಾಲ್‌ಟ್ರೇನ್ ಸಾಮರ್ಥ್ಯಕ್ಕೆ 314. ಹೆದ್ದಾರಿ 85ರ ಪಟ್ಟಿಗೆ 350. ಸೈಕಲ್ಲು-ಕಾಲ್ನಡಿಗೆಗೆ 250. ಮತ್ತೆ ಬಸ್ಸು ಓಡಿಸುವುದಕ್ಕೆ, ಅಂದರೆ ಡ್ರೈವರ್ ಸಂಬಳ, ಡೀಸೆಲ್ಲು, ಬೆಳಗಿನ ಮೊದಲ ಬಸ್ಸು, ರಾತ್ರಿಯ ಕೊನೆಯ ಬಸ್ಸು, ಹಿರಿಯರ ರಿಯಾಯಿತಿ ಟಿಕೆಟ್ಟು, ಇವೆಲ್ಲಕ್ಕೂ ಸೇರಿ 500 ಮಿಲಿಯನ್.

ನೂರು ಡಾಲರಿನಲ್ಲಿ ಎಂಟೂ ಪೂರ್ತಿ ಇಲ್ಲ. ಮೂವತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 17 ಮಿಲಿಯನ್ ಡಾಲರಿಗಿಂತ ಸ್ವಲ್ಪ ಕಡಿಮೆ. ವಿಟಿಎಯ ವಾರ್ಷಿಕ ನಿರ್ವಹಣಾ ವೆಚ್ಚ ಅರ್ಧ ಬಿಲಿಯನ್ ಮೀರುತ್ತದೆ. ಹೋಲಿಸಿ.

ಈಗ 75 ಪದಗಳಿಗೆ ವಾಪಸ್ ಬನ್ನಿ. ಅತಿ ಹೆಚ್ಚು ಹಣ ಹೋಗುವುದು ಬಾರ್ಟ್‌ಗೆ, ಆದರೆ ಮೊದಲ ಸಾಲಿನಲ್ಲಿ ನಿಂತಿರುವುದು ಗುಂಡಿ. ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಗುಂಡಿ ಪ್ರತಿಯೊಬ್ಬರ ಟೈರಿಗೂ ಗೊತ್ತು. ಬಾರ್ಟ್ ಸ್ಯಾನ್ ಹೋಸೆ ಪೇಟೆಗೆ ಬಂದರೆ ಪಾಲೋ ಆಲ್ಟೋದವರಿಗೇನು? ಇನ್ನು ಮನಸ್ಸು ಮುಟ್ಟುವ ಪದಗಳು ಯಾವುವು? ಹಿರಿಯರು, ವಿದ್ಯಾರ್ಥಿಗಳು, ಬಡವರು, ಅಂಗವಿಕಲರು. ಅತಿ ಕಡಿಮೆ ಪಾಲು ಪಡೆದ ಬಾಬುಗಳಲ್ಲಿ ಒಂದಕ್ಕೆ ಅತಿ ಹೆಚ್ಚು ಮನುಷ್ಯರು. ಇಂಟರ್‌ಚೇಂಜಿನ ಸಾಲಿನಲ್ಲಿ ಒಬ್ಬ ಮನುಷ್ಯನೂ ಇಲ್ಲ, ಹಣ ಮಾತ್ರ ಒಂದೂವರೆ ಪಟ್ಟು. ಇದನ್ನು ಸುಳ್ಳು ಅನ್ನಲಾಗದು. ಪ್ರತಿಯೊಂದು ಪದವೂ ನಿಜ. ಆದರೆ ನಿಜವಾದ ಪದಗಳನ್ನು ಜೋಡಿಸಿರುವ ಅನುಕ್ರಮ ಹಣದ ಅನುಕ್ರಮವಲ್ಲ, ನಮ್ಮ ಮನಸ್ಸಿನದು.

ಕನ್ನಡ ಕಲಿಯುತ್ತಿರುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸರ್ಕಾರಿ ಭಾಷೆ ಎಲ್ಲ ಕಡೆ ಹೀಗೇ, ಇಂಗ್ಲಿಷಿನ ತಪ್ಪೇನೂ ಅಲ್ಲ. ಕರ್ನಾಟಕದ ಕಡತಗಳಲ್ಲಿ "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅನ್ನುವ ವಾಕ್ಯ ಎಷ್ಟು ಸಾವಿರ ಸಲ ಇದೆಯೋ. ಆ "ಲಾಗುವುದು" ಇದೆಯಲ್ಲ, ಅದರಲ್ಲಿ ಮಾಡುವವನೂ ಇಲ್ಲ, ದಿನಾಂಕವೂ ಇಲ್ಲ. ಇಲ್ಲಿಯವರು ಅದನ್ನೇ "ಉತ್ತಮಪಡಿಸಲು", "ತಗ್ಗಿಸಲು" ಅಂತ ಬರೆಯುತ್ತಾರೆ. ಎಷ್ಟು ತಗ್ಗಿಸಲು?

ಇಷ್ಟಕ್ಕೆ ನಿಲ್ಲಿಸಿದರೆ ಬರೆದವರಿಗೆ ಅನ್ಯಾಯವಾಗುತ್ತದೆ. ಈ ಗದ್ಯ ಹೀಗೆ ಯಾಕಾಯಿತು ಅನ್ನುವುದಕ್ಕೆ ಚರಿತ್ರೆಯಿದೆ.

1978ರಲ್ಲಿ ಕ್ಯಾಲಿಫೋರ್ನಿಯಾದ ಜನ ಪ್ರಾಪ್ 13 ಅಂಗೀಕರಿಸಿದರು. ಆಸ್ತಿ ತೆರಿಗೆ ಒಂದು ಪ್ರತಿಶತಕ್ಕೆ ನಿಂತಿತು, ಮನೆಯ ತೆರಿಗೆಯ ಬೆಲೆ ವರ್ಷಕ್ಕೆ ಎರಡು ಪ್ರತಿಶತಕ್ಕಿಂತ ಹೆಚ್ಚು ಏರುವಂತಿಲ್ಲ. ಹಾಗಾಗಿ ಒಂದೇ ಬೀದಿಯಲ್ಲಿ, ಒಂದೇ ಅಳತೆಯ ಮನೆಯಲ್ಲಿ, ಎಂಬತ್ತರ ದಶಕದಲ್ಲಿ ಕೊಂಡವರು ಕಟ್ಟುವುದಕ್ಕೂ ಮೊನ್ನೆ ಕೊಂಡವರು ಕಟ್ಟುವುದಕ್ಕೂ ಹಲವು ಪಟ್ಟು ವ್ಯತ್ಯಾಸ. ನಮ್ಮವರ ಎಷ್ಟೋ ಮನೆಯ ಹಬ್ಬದೂಟದಲ್ಲಿ ಈ ಲೆಕ್ಕ ಆಗಿಯೇ ಆಗಿರುತ್ತದೆ. ಅದರ ಜೊತೆ ಇನ್ನೊಂದು ನಿಯಮ ಬಂತು: ನಿರ್ದಿಷ್ಟ ಕೆಲಸಕ್ಕೆಂದು ಸ್ಥಳೀಯ ಸಂಸ್ಥೆ ತೆರಿಗೆ ಹಾಕಬೇಕಾದರೆ ಮೂರರಲ್ಲಿ ಎರಡು ಪಾಲು ಮತ ಬೇಕು. ಆಸ್ತಿ ತೆರಿಗೆಯ ಬಾಗಿಲು ಮುಚ್ಚಿದ್ದರಿಂದ ಕೌಂಟಿಗಳು ಮಾರಾಟ ತೆರಿಗೆಯ ಕಿಟಕಿಯಿಂದ ನುಗ್ಗತೊಡಗಿದವು. ಸ್ಯಾಂಟಾ ಕ್ಲಾರಾಕ್ಕೆ ಅದರಲ್ಲಿ ಹಳೆಯ ಅಭ್ಯಾಸ. 1976ರಲ್ಲೇ ಬಸ್ಸಿಗೆಂದು ಶಾಶ್ವತ ಅರ್ಧ ಸೆಂಟ್ ಹಾಕಿಕೊಂಡಿತ್ತು. 1984ರಲ್ಲಿ ಹತ್ತು ವರ್ಷದ ಇನ್ನೊಂದು ಅರ್ಧ ಸೆಂಟ್ ಹಾಕಿ ಹೆದ್ದಾರಿ 85, 237, 101ರ ಕೆಲಸ ಮಾಡಿಸಿತು. ರಾಜ್ಯದಲ್ಲಿ ಹೀಗೆ ತನ್ನ ಹೆದ್ದಾರಿಗೆ ತಾನೇ ತೆರಿಗೆ ಹಾಕಿಕೊಂಡ ಮೊದಲ ಕೌಂಟಿ ಇದೇ. ಇವತ್ತು ಕ್ಯೂಪರ್ಟಿನೋದಿಂದ 85ರಲ್ಲಿ ದಕ್ಷಿಣಕ್ಕೆ ಹೋಗುವವರು ಆ ಅರ್ಧ ಸೆಂಟಿನ ಮೇಲೆಯೇ ಹೋಗುತ್ತಿದ್ದಾರೆ. ಆ ಮೆಷರ್ ಹೇಳಿದ್ದನ್ನು ಮಾಡಿ ತೋರಿಸಿತು ಅನ್ನುವುದನ್ನು ಒಪ್ಪಬೇಕು. ಆಗ ಪಟ್ಟಿ ಚಿಕ್ಕದಿತ್ತು, ಮೂರೇ ರಸ್ತೆ.

ಅದನ್ನು ಮುಂದುವರಿಸಲು 1992ರಲ್ಲಿ ಮತ ಕೇಳಿದರು. 54 ಪ್ರತಿಶತ ಜನ ಹೌದು ಅಂದರು. ರಾಜ್ಯದ ಸುಪ್ರೀಂ ಕೋರ್ಟು 1995ರಲ್ಲಿ ಸಾಲದು, ಮೂರರಲ್ಲಿ ಎರಡು ಪಾಲು ಬೇಕಿತ್ತು ಅಂತ ಅದನ್ನು ರದ್ದು ಮಾಡಿತು. 1996ರಲ್ಲಿ ಕೌಂಟಿಯವರು ಚಾಪೆ ಕೆಳಗಲ್ಲ, ರಂಗೋಲಿ ಕೆಳಗೇ ತೂರಿದರು: ಒಂದು ಮೆಷರ್‌ನಲ್ಲಿ ಕೆಲಸಗಳ ಪಟ್ಟಿ, ಬರೀ ಸಲಹೆ ರೂಪದಲ್ಲಿ, ಇನ್ನೊಂದರಲ್ಲಿ ಯಾವ ಉದ್ದೇಶವನ್ನೂ ಹೇಳದ ಸಾಮಾನ್ಯ ತೆರಿಗೆ, ಅದಕ್ಕೆ ಅರ್ಧಕ್ಕಿಂತ ಒಂದು ಮತ ಹೆಚ್ಚು ಸಾಕು. ಅದು ಊರ್ಜಿತವಾಯಿತು. ಆಮೇಲೆ 2000ದಿಂದ ಮತ್ತೆ ಮೂರರಲ್ಲಿ ಎರಡರ ದಾರಿ.

ಮೂರರಲ್ಲಿ ಎರಡು ಅಂದರೆ ಏನು ಗೊತ್ತೇ? ಗಿಲ್ರಾಯ್‌ನ ರೈತನೂ, ಲಾಸ್ ಗಾಟೋಸ್‌ನ ನಿವೃತ್ತ ದಂಪತಿಯೂ, ಪೂರ್ವ ಸ್ಯಾನ್ ಹೋಸೆಯ ಹೋಟೆಲ್ ಕೆಲಸದವರೂ ಒಂದೇ ಕಾಗದಕ್ಕೆ ಹೌದು ಅನ್ನಬೇಕು. ಹಾಗಾದಾಗ ಬರೆಯುವವರು ಎಲೆಯ ತುಂಬ ಬಡಿಸದೆ ಬೇರೆ ದಾರಿಯಿಲ್ಲ. 2016ರ ಪಠ್ಯದ ಅಸ್ಪಷ್ಟತೆ ಬರೆದವರ ಕುತಂತ್ರಕ್ಕಿಂತ ಹೆಚ್ಚಾಗಿ ಆ ನಿಯಮದ ಕೂಸು. ನನ್ನ ದೂರು ಅವರು ಬಡಿಸಿದ್ದರ ಬಗ್ಗೆ ಅಲ್ಲ. ಒಂದೇ ಪದಾರ್ಥವನ್ನು ಮೂರು ಸಲ ಬಡಿಸಿದ್ದರ ಬಗ್ಗೆ.

ಆ ಪದಾರ್ಥ ಬಾರ್ಟ್. 2000ದ ಮೆಷರ್ ಎ ಸ್ಯಾನ್ ಹೋಸೆ ಪೇಟೆಯ ಮೂಲಕ ಸ್ಯಾಂಟಾ ಕ್ಲಾರಾದವರೆಗೆ ಬಾರ್ಟ್ ತರುತ್ತೇವೆ ಅಂತ ಹೇಳಿ ಮೂವತ್ತು ವರ್ಷದ ಅರ್ಧ ಸೆಂಟ್ ಕೇಳಿತು, ಸಿಕ್ಕಿತು. ವಸೂಲಿ 2006ರಿಂದ. ಆ ಹೊತ್ತಿಗಾಗಲೇ ಡಾಟ್‌ಕಾಂ ಗುಳ್ಳೆ ಒಡೆದು ಮಾರಾಟ ತೆರಿಗೆಯ ಅಂದಾಜೆಲ್ಲ ತಲೆಕೆಳಗಾಗಿತ್ತು. 2008ರಲ್ಲಿ ಬಂದು, ಬಾರ್ಟ್ ಓಡಿಸಲು ಹಣ ಸಾಲದು, ಇನ್ನೊಂದು ಎಂಟನೇ ಒಂದು ಸೆಂಟ್ ಕೊಡಿ ಅಂದರು. ಬೇಕಿದ್ದದ್ದು 66.67 ಪ್ರತಿಶತ, ಸಿಕ್ಕಿದ್ದು 66.78. ಅಷ್ಟು ಕೂದಲೆಳೆಯ ಗೆಲುವು. ಆಮೇಲೆ ಯೋಜನೆಯನ್ನೇ ಎರಡು ಹಂತ ಮಾಡಿದರು. ಮೊದಲ ಹಂತ ಮಿಲ್ಪಿಟಾಸ್ ಮತ್ತು ಬೆರ್ರಿಯೆಸಾ ನಿಲ್ದಾಣಗಳವರೆಗೆ, 2020ರ ಜೂನ್‌ನಲ್ಲಿ ತೆರೆಯಿತು, ಕೋವಿಡ್‌ನ ನಟ್ಟನಡುವೆ, ಹತ್ತುವವರೇ ಇಲ್ಲದ ಹೊತ್ತಿನಲ್ಲಿ. ಎರಡನೇ ಹಂತ ಆರು ಮೈಲಿ, ನಾಲ್ಕು ನಿಲ್ದಾಣ, ಬಹುಪಾಲು ಸುರಂಗ. ಅದಕ್ಕೆಂದೇ 2016ರಲ್ಲಿ ಮೂರನೇ ಸಲ ಕೇಳಿದ್ದು.

ಆಗ ಬಳಸಿದ ಕ್ರಿಯಾಪದ ಗಮನಿಸಿ: ಮುಗಿಸುವುದು. 2016ರ ಹೊತ್ತಿಗೆ ಎರಡನೇ ಹಂತದ ಅಂದಾಜು ವೆಚ್ಚ 4.7 ಬಿಲಿಯನ್ ಡಾಲರಿನ ಆಸುಪಾಸು, ರೈಲು ಓಡುವುದು 2026ರ ಸುಮಾರಿಗೆ. ಈಗ ಅದೇ ಆರು ಮೈಲಿಯ ವೆಚ್ಚ 12 ಬಿಲಿಯನ್ ದಾಟಿದೆ, ರೈಲು 2037ಕ್ಕೆ. 2024ರಲ್ಲಿ ಒಕ್ಕೂಟ ಸರ್ಕಾರ ಸುಮಾರು 5 ಬಿಲಿಯನ್ ಕೊಡುವ ಭರವಸೆ ಕೊಟ್ಟಿದ್ದರೂ ಉಳಿದದ್ದನ್ನು ಹೊಂದಿಸುವುದು ಸುಲಭವಿಲ್ಲ. ಹಾಗಾದರೆ 1.5 ಬಿಲಿಯನ್ ಕೊಟ್ಟು "ಮುಗಿಸುವುದು" ಅಂದದ್ದು? ಮುಗಿಸಲು ಸಹಾಯ ಮಾಡುವುದು ಅಂತ ಬರೆದಿದ್ದರೆ ಎರಡು ಪದ ಹೆಚ್ಚಾಗುತ್ತಿತ್ತು, ಅಷ್ಟೇ.

ಇನ್ನೊಂದು ಲೆಕ್ಕ ಇದೆ, ಅದನ್ನು ಹಾಕಿದಾಗ ನನಗೆ ನಗು ಬಂತು, ಆಮೇಲೆ ಬರಲಿಲ್ಲ. 2000ದ ಅರ್ಧ ಸೆಂಟಿನ ಅವಧಿ 2036ಕ್ಕೆ ಮುಗಿಯುತ್ತದೆ. ರೈಲು ಪೇಟೆಗೆ ಬರುವುದು 2037ಕ್ಕೆ. ಅಂದರೆ ರೈಲು ತರಲು ಹಾಕಿದ ತೆರಿಗೆ ಮೂವತ್ತು ವರ್ಷ ಪೂರೈಸಿ ನಿವೃತ್ತಿಯಾದ ಮೇಲೆ ರೈಲು ಬರುತ್ತದೆ, ಅದೂ ಈಗಿನ ಅಂದಾಜು ಹೇಳಿದಂತೆ ನಡೆದರೆ. 2000ದಲ್ಲಿ ಹದಿನೆಂಟು ತುಂಬಿ ಮೊದಲ ಮತ ಹಾಕಿದವರಿಗೆ ಆಗ ಐವತ್ತೈದು. ಆ ವರ್ಷದ ಪಟ್ಟಿಯಲ್ಲಿದ್ದ ಇನ್ನು ಕೆಲವು ಕೆಲಸಗಳ, ಏರ್‌ಪೋರ್ಟಿಗೆ ರೈಲು ಸಂಪರ್ಕ, ಡಂಬಾರ್ಟನ್ ರೈಲು, ಇವುಗಳ ಹೆಸರು ಈಗ ಕಿರಿಯರಿಗೆ ಗೊತ್ತೇ ಇಲ್ಲ. ಕ್ಯಾಲ್‌ಟ್ರೇನ್ ವಿದ್ಯುದೀಕರಣ ಮಾತ್ರ 2024ರ ಸೆಪ್ಟೆಂಬರಿನಲ್ಲಿ ನಿಜವಾಯಿತು, ಚೆನ್ನಾಗಿಯೂ ಇದೆ. ಹತ್ತಿ ನೋಡಿ.

ಆದರೂ 2016ರ ಪಠ್ಯಕ್ಕೆ ಒಂದು ಅಂಶದಲ್ಲಿ ಪೂರ್ಣ ಅಂಕ ಕೊಡುತ್ತೇನೆ. ಬಾರ್ಟ್ ಪಾಲು ಒಟ್ಟು ಹಣದ ಕಾಲು ಭಾಗ ಮೀರುವಂತಿಲ್ಲ ಅಂತ ಅದರ ಪೂರ್ಣ ಪಠ್ಯದಲ್ಲಿ ಬರೆದಿದ್ದಾರೆ. ವೆಚ್ಚ ಹನ್ನೆರಡಲ್ಲ, ಇಪ್ಪತ್ತು ಬಿಲಿಯನ್ ಆದರೂ ಈ ಡಬ್ಬಿಯಿಂದ ಅದಕ್ಕಿಂತ ಹೆಚ್ಚು ತೆಗೆಯುವ ಹಾಗಿಲ್ಲ. ಬೀದಿಗಳ ಹಣ ಉಳಿದದ್ದು ಈ ಒಂದು ವಾಕ್ಯದಿಂದ. ಸಣ್ಣ ಊರುಗಳ ಮೇಯರುಗಳು ಹಟ ಹಿಡಿದದ್ದರ ಫಲ ಅದು. ಇಡೀ ದಾಖಲೆಯಲ್ಲಿ ಅತ್ಯುತ್ತಮ ಗದ್ಯ ಯಾವುದು ಅಂತ ಕೇಳಿದರೆ ಆ ವಾಕ್ಯವನ್ನೇ ತೋರಿಸುತ್ತೇನೆ. ಅದರಲ್ಲಿ ಸಂಖ್ಯೆ ಇದೆ, ಮಿತಿ ಇದೆ, ಕನಿಕರದ ಪದ ಒಂದೂ ಇಲ್ಲ.

ಬೀದಿಗಳ ಭಾಗವೂ ಕೆಟ್ಟದ್ದಲ್ಲ. ಇಲ್ಲಿ ಡಾಂಬರಿನ ಆರೋಗ್ಯಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತಾರೆ, 70 ಬಂದರೆ ಒಳ್ಳೆಯ ರಸ್ತೆ ಅಂತ ಲೆಕ್ಕ. ಬೇ ಏರಿಯಾದ ಸರಾಸರಿ ವರ್ಷಗಟ್ಟಲೆ 67ರ ಆಸುಪಾಸಿನಲ್ಲೇ ನಿಂತಿದೆ. ನಮ್ಮ ಮೆಷರ್ ಪ್ರಕಾರ 70 ದಾಟಿದ ಊರು ತನ್ನ ಪಾಲನ್ನು ದಟ್ಟಣೆ ತಗ್ಗಿಸುವ ಬೇರೆ ಕೆಲಸಕ್ಕೂ ಬಳಸಬಹುದು. ದಾಟದ ಊರು ರಿಪೇರಿಗೇ ಹಾಕಬೇಕು. ಒಳ್ಳೆಯ ನಿಯಮ. ಸುಮಾರು 2,500 ಮೈಲಿ ಬೀದಿಯಿರುವ ಸ್ಯಾನ್ ಹೋಸೆ 2018ರಲ್ಲಿ ತನ್ನದೇ ಮೆಷರ್ ಟಿ ತಂದು 650 ಮಿಲಿಯನ್ ಡಾಲರ್ ಬಾಂಡಿನಲ್ಲಿ 300 ಮಿಲಿಯನ್ನನ್ನು ಡಾಂಬರಿಗೇ ಇಟ್ಟಿತು. ನಿಮ್ಮ ಬೀದಿಗೆ ಹೊಸ ಕಪ್ಪು ಬಂದಿದ್ದರೆ ಅದರಲ್ಲಿ ನಿಮ್ಮ ಅರ್ಧ ಸೆಂಟಿನ ಪಾಲಿರುವ ಸಾಧ್ಯತೆ ಹೆಚ್ಚು.

ಮಧ್ಯೆ ಒಂದು ವಿಚಿತ್ರವೂ ನಡೆಯಿತು. ಮೆಷರ್ ಗೆದ್ದ ಕೂಡಲೇ, 2017ರ ಆರಂಭದಲ್ಲಿ, ಒಬ್ಬ ನಿವಾಸಿ ಕೋರ್ಟಿಗೆ ಹೋದರು. ತೆರಿಗೆ ಏಪ್ರಿಲ್‌ನಿಂದ ವಸೂಲಾಗತೊಡಗಿತು, ಆದರೆ ಹಣವನ್ನು ಮುಟ್ಟುವ ಹಾಗಿರಲಿಲ್ಲ. 2019ರಲ್ಲಿ ಮೊಕದ್ದಮೆ ಇತ್ಯರ್ಥವಾಗುವವರೆಗೆ ಕೋಟಿಗಟ್ಟಲೆ ಡಾಲರ್ ಸುಮ್ಮನೆ ಖಾತೆಯಲ್ಲಿ ಕೂತಿತ್ತು. ಗುಂಡಿ ಕಾಯಿತು.

ತೆರಿಗೆಯ ಸ್ವರೂಪದ ಬಗ್ಗೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ನಮ್ಮಲ್ಲೊಂದು ಗಾದೆ ಇದೆ. ಚಿಕ್ಕವರಿಗೆ ಅರ್ಥ ಹೇಳಬೇಕೆಂದರೆ: ಗಡಿಯಲ್ಲಿ ಸುಂಕ ವಸೂಲಿ ಮಾಡುವವನಿಗೆ ನಿಮ್ಮ ಕಷ್ಟ ಬೇಕಿಲ್ಲ, ಗಾಡಿಯಲ್ಲಿ ಏನಿದೆ ಅಷ್ಟೇ ಬೇಕು. (ಹನ್ನೆರಡನೇ ಶತಮಾನದ ವಚನಕಾರರಲ್ಲಿ ಸುಂಕದ ಬಂಕಣ್ಣ ಅನ್ನುವವರೂ ಇದ್ದರು, ಸುಂಕ ವಸೂಲಿಯೇ ಅವರ ಕಾಯಕ. ಆ ಗಾದೆ ಅವರಿಗೆ ಅನ್ವಯಿಸದಿರಲಿ.) ಮಾರಾಟ ತೆರಿಗೆಯೂ ಹಾಗೇ. ನಿಮ್ಮ ಸಂಬಳ ಎಷ್ಟು ಅಂತ ಅದು ಕೇಳುವುದಿಲ್ಲ. ಇಂಡಿಯನ್ ಅಂಗಡಿಯಲ್ಲಿ ದೋಸೆ ಹಿಟ್ಟು ಕೊಂಡರೆ ತೆರಿಗೆಯಿಲ್ಲ, ಅದೇ ದೋಸೆಯನ್ನು ಹೋಟೆಲಿನಲ್ಲಿ ಕೂತು ತಿಂದರೆ ಇದೆ. ಮಗುವಿನ ಶೂಸಿಗೆ ಇದೆ, ಪಾತ್ರೆಗೆ ಇದೆ, ಫೋನಿಗೆ ಇದೆ. ಷೇರು ಮಾರಿದರೆ ಇಲ್ಲ, ವಕೀಲರ ಫೀಸಿಗೆ ಇಲ್ಲ. ತಿಂಗಳ ಸಂಬಳ ಪೂರ್ತಿ ಖರ್ಚಾಗಿಹೋಗುವ ಮನೆಯ ಮೇಲೆ ಅದರ ಭಾರ ಹೆಚ್ಚು, ಅರ್ಧ ಉಳಿಸುವ ಮನೆಯ ಮೇಲೆ ಕಡಿಮೆ. ನಮ್ಮಲ್ಲಿ ಬಹಳ ಜನ ಎರಡನೇ ಗುಂಪಿನವರು. ಬಸ್ಸು ಹತ್ತುವವರಲ್ಲಿ ಬಹಳ ಜನ ಮೊದಲನೇ ಗುಂಪಿನವರು. ಅಂದಮೇಲೆ ಸಂಬಳಕ್ಕೆ ಹೋಲಿಸಿದರೆ ಹೆಚ್ಚು ಕೊಟ್ಟವರಿಗೆ ಆ ಎಂಟು ಡಾಲರಿನ ಪಾಲು, ಕಡಿಮೆ ಕೊಟ್ಟವರಿಗೆ ಇಂಟರ್‌ಚೇಂಜು. ಈ ಮೆಷರ್ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ, ಉಳಿದದ್ದೆಲ್ಲ ಭಾಷೆಯ ತಕರಾರು.

ವಿಟಿಎಯ ಬಸ್ಸು ಮುಖ್ಯವಾಗಿ ಓಡುವುದು 1976ರ ಆ ಹಳೆಯ ಅರ್ಧ ಸೆಂಟ್ ಮತ್ತು ರಾಜ್ಯ ಹಂಚುವ ಕಾಲು ಸೆಂಟ್ ಮೇಲೆ ಅನ್ನುವುದು ನಿಜ. 2016ರದ್ದು ಅದರ ಮೇಲೊಂದು ಚೂರು. ಆದರೆ ಅಲ್ಲೂ ಇರುವುದು ಅದೇ ಮಾರಾಟ ತೆರಿಗೆ. ಆರ್ಥಿಕತೆ ಕುಸಿದು ಜನ ಕಾರು ಮಾರಿ ಬಸ್ಸಿಗೆ ಬರುವ ಹೊತ್ತಿಗೇ ಸರಿಯಾಗಿ ವಸೂಲಿಯೂ ಕುಸಿಯುತ್ತದೆ, ಬಸ್ಸನ್ನೂ ಕಡಿತ ಮಾಡುತ್ತಾರೆ. ಹಸು ಕೊಳ್ಳಲು ದುಡ್ಡು ಹುಟ್ಟುತ್ತದೆ, ಹಿಂಡಿ-ಬೂಸಕ್ಕೆ ಹುಟ್ಟುವುದಿಲ್ಲ. ಸುರಂಗಕ್ಕೆ ಗುದ್ದಲಿ ಪೂಜೆ ಮಾಡಬಹುದು, ಫೋಟೋ ಬರುತ್ತದೆ. ರಾತ್ರಿ ಹತ್ತರ ಬಸ್ಸನ್ನು ಹತ್ತೂವರೆಗೂ ಓಡಿಸಿದರೆ ಯಾವ ಸೂಪರ್‌ವೈಸರು ಬಂದು ತೆಂಗಿನಕಾಯಿ ಒಡೆಯುತ್ತಾರೆ?

ಪಾಲೋ ಆಲ್ಟೋದಿಂದ ಈಸ್ಟ್‌ರಿಜ್‌ಗೆ ಎಲ್ ಕಮಿನೋ ರಸ್ತೆಯಲ್ಲಿ ಹೋಗುವ 22ನೇ ನಂಬರ್ ಬಸ್ಸಿನ ಬಗ್ಗೆ ನೀವು ಕೇಳಿರಬಹುದು. ಮನೆಯಿಲ್ಲದವರು ರಾತ್ರಿ ಅದರಲ್ಲಿ ಕೂತು ಈ ತುದಿಯಿಂದ ಆ ತುದಿಗೆ ಹೋಗಿ ಬಂದು ನಿದ್ದೆ ಮಾಡುತ್ತಿದ್ದರು. ಅದಕ್ಕೆ ಹೋಟೆಲ್ 22 ಅಂತ ಹೆಸರೇ ಬಿದ್ದಿತ್ತು, ಅದೇ ಹೆಸರಿನಲ್ಲಿ ಕಿರು ಸಾಕ್ಷ್ಯಚಿತ್ರವೂ ಬಂತು. ಜಗತ್ತಿನ ಅತಿ ಶ್ರೀಮಂತ ಕಂಪನಿಗಳ ಊರುಗಳನ್ನು ಹಾದುಹೋಗುವ ಬಸ್ಸು ಅದು. ಅದೇ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಲೇನ್ ಬಿಡುವ ಯೋಜನೆ ವರ್ಷಗಟ್ಟಲೆ ಚರ್ಚೆಯಾಗಿ ಊರುಗಳ ವಿರೋಧದಿಂದ ಬಿದ್ದುಹೋಯಿತು. ಅದಕ್ಕೆ ಬೇಕಿದ್ದದ್ದು ಸುರಂಗವಲ್ಲ, ಬಣ್ಣ ಮತ್ತು ಒಪ್ಪಿಗೆ.

2019ರ ಕೊನೆಯಲ್ಲಿ ವಿಟಿಎ ತನ್ನ ಬಸ್ಸಿನ ಜಾಲವನ್ನೇ ಹೊಸದಾಗಿ ಹೆಣೆಯಿತು. ಹಿಂದೆ ನೂರಕ್ಕೆ 70ರಷ್ಟು ಸೇವೆಯನ್ನು ಜನ ಹೆಚ್ಚಿರುವ ದಾರಿಗಳಿಗೆ, 30ರಷ್ಟನ್ನು ಊರೆಲ್ಲ ಮುಟ್ಟಲಿ ಅಂತ ಹಂಚುತ್ತಿದ್ದರು. ಅದನ್ನು 90-10 ಮಾಡಿದರು. ಇರುವ ಹಣದಲ್ಲಿ ಅದು ವಿವೇಕದ ನಿರ್ಧಾರವೇ. ಖಾಲಿ ಬಸ್ಸು ಗುಡ್ಡ ಹತ್ತಿ ಇಳಿಯುವುದರಿಂದ ಯಾರಿಗೂ ಲಾಭವಿಲ್ಲ. ಆದರೆ ಆ ಹತ್ತರಲ್ಲಿ ಸಿಕ್ಕಿಬೀಳುವವರು ಯಾರು ಅಂತ ಯೋಚಿಸಿ. ಊರಿಂದ ಆರು ತಿಂಗಳಿಗೆ ಬರುವ ನಮ್ಮ ಅಪ್ಪ-ಅಮ್ಮಂದಿರು. ಮೈಸೂರಿನಲ್ಲಿ ಎಪ್ಪತ್ತೈದರ ವಯಸ್ಸಿನಲ್ಲೂ ಸಿಟಿ ಬಸ್ಸು ಹತ್ತಿ ದೇವರಾಜ ಮಾರುಕಟ್ಟೆಗೆ ಹೋಗಿ ವೀಳ್ಯದೆಲೆ ತರುವವರು ಇಲ್ಲಿ ಬಂದು ಸೋಫಾದ ಮೇಲೆ ಕೂತು ಮಗ ಯಾವಾಗ ಮೀಟಿಂಗ್ ಮುಗಿಸುತ್ತಾನೆ ಅಂತ ಕಾಯುತ್ತಾರೆ. ಸನ್ನಿವೇಲ್ ದೇವಸ್ಥಾನಕ್ಕೆ ನಡೆದು ಹೋಗುವ ದೂರದಲ್ಲಿ ಲೈಟ್ ರೈಲ್ ನಿಲ್ದಾಣ ಇದೆ, ಆದರೆ ಆ ಲೈಟ್ ರೈಲಿನವರೆಗೆ ಹೋಗುವುದು ಹೇಗೆ? ನಾವು ಇದನ್ನು ಸಂಸ್ಕೃತಿಯ ಸಮಸ್ಯೆ ಅಂತ, ಒಂಟಿತನ ಅಂತ ಮಾತಾಡುತ್ತೇವೆ. ಕರ್ನಾಟಕದಲ್ಲಿ 2023ರಿಂದ ಶಕ್ತಿ ಯೋಜನೆಯಲ್ಲಿ ದುಡ್ಡು ಕೊಡದೆ ಓಡಾಡುತ್ತಿರುವ ಅತ್ತೆಯವರಿಗೆ ಇಲ್ಲಿ ಕೊರತೆಯಾಗಿರುವುದು ಸಂಸ್ಕೃತಿಯಲ್ಲ, ಇಪ್ಪತ್ತು ನಿಮಿಷಕ್ಕೊಂದು ಬಸ್ಸು.

ಇನ್ನು ಕಾವಲು ಸಮಿತಿ. ಕರ್ನಾಟಕದ ಹಳೆಯ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಅಂತೆಲ್ಲ ಸುಂಕಗಳ ಹೆಸರು ಬರುತ್ತವೆ. ಇಂಥ ಸುಂಕದ ಹುಟ್ಟುವಳಿಯನ್ನು ಇಂಥ ದೇವರ ನಂದಾದೀವಿಗೆಗೆ, ಇಂಥ ಕೆರೆಯ ಕೆಲಸಕ್ಕೆ ಬಿಟ್ಟಿದ್ದೇವೆ ಅಂತ ಬರೆದು, ಕೊನೆಗೆ ಇದನ್ನು ಅಳಿಪಿದವನಿಗೆ ವಾರಾಣಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ ಅಂತ ಶಾಪ ಹಾಕುತ್ತಾರೆ. ನಿರ್ದಿಷ್ಟ ಉದ್ದೇಶದ ತೆರಿಗೆ ನಮಗೇನೂ ಹೊಸದಲ್ಲ. ಇಲ್ಲಿ ಶಾಪದ ಜಾಗದಲ್ಲಿ ಸಮಿತಿ ಇದೆ. ಎರಡರ ಮಿತಿಯೂ ಒಂದೇ: ಹಣ ಹೇಳಿದ ಬಾಬಿಗೆ ಹೋಯಿತೇ ಅಂತ ನೋಡುತ್ತವೆ, ಆ ಬಾಬಿನಲ್ಲಿ ಹತ್ತು ವರ್ಷ ತಡವಾಯಿತೇ, ಮೂರು ಪಟ್ಟು ವೆಚ್ಚವಾಯಿತೇ ಅನ್ನುವುದು ಅವುಗಳ ಕೈಯಲ್ಲಿಲ್ಲ. ಬಾರ್ಟ್ ಹಣ ಬಾರ್ಟ್‌ಗೇ ಹೋಗಿದೆ, ಲೆಕ್ಕ ಸರಿಯಾಗಿದೆ.

ಆ ಇನ್ನೊಂದು ಪ್ರಶ್ನೆ ಕೇಳಿದವರು ಬೇರೆಯವರು. ಕೌಂಟಿಯ ಸಿವಿಲ್ ಗ್ರ್ಯಾಂಡ್ ಜ್ಯೂರಿ 2019ರಲ್ಲಿ ವಿಟಿಎಯ ಆಡಳಿತದ ಬಗ್ಗೆ ಒಂದು ವರದಿ ಕೊಟ್ಟಿತು. ವಿಟಿಎಯ ಹನ್ನೆರಡು ನಿರ್ದೇಶಕರನ್ನು ಜನ ನೇರವಾಗಿ ಆರಿಸುವುದಿಲ್ಲ. ಅವರು ಕೌಂಟಿ ಸೂಪರ್‌ವೈಸರುಗಳು, ಮೇಯರುಗಳು, ಊರುಗಳ ಕೌನ್ಸಿಲ್ ಸದಸ್ಯರು. ತಮ್ಮ ಊರಿನ ಕೆಲಸದ ನಡುವೆ ಬಿಡುವು ಮಾಡಿಕೊಂಡು ಇಲ್ಲಿ ಬಂದು ಕೂರುತ್ತಾರೆ. ಐದು ಕುರ್ಚಿ ಸ್ಯಾನ್ ಹೋಸೆಗೆ, ಸಣ್ಣ ಊರುಗಳ ಪ್ರತಿನಿಧಿಗಳು ಸರದಿಯ ಮೇಲೆ ಬದಲಾಗುತ್ತಾರೆ. ಬಿಲಿಯನ್‌ಗಟ್ಟಲೆ ಯೋಜನೆಯನ್ನು ಅರ್ಥಮಾಡಿಕೊಳ್ಳುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಇದು ಆ ವರದಿಯ ಮುಖ್ಯ ಟೀಕೆಗಳಲ್ಲೊಂದು. ಈಸ್ಟ್‌ರಿಜ್‌ಗೆ ಲೈಟ್ ರೈಲು ವಿಸ್ತರಿಸುವುದನ್ನು ಮರುಪರಿಶೀಲಿಸಿ ಅಂತಲೂ ಅದು ಹೇಳಿತ್ತು. 2.4 ಮೈಲಿಯ ಆ ಕೆಲಸ 2024ರಲ್ಲಿ ಶುರುವಾಯಿತು. 2000ದ ಪಟ್ಟಿಯಲ್ಲಿತ್ತಲ್ಲ, ಮಾಡಲೇಬೇಕು. ಕಾಲು ಶತಮಾನದ ಹಿಂದೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಗುಣವೋ ಹಟವೋ ನನಗೆ ತೀರ್ಮಾನಿಸಲು ಆಗಿಲ್ಲ. ಪೂರ್ವ ಸ್ಯಾನ್ ಹೋಸೆಯ ಜನ ಕಾದದ್ದನ್ನು ನೆನೆದರೆ ಗುಣ ಅನ್ನಿಸುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ, "ಅಯ್ಯೋ, ಬೆಂಗಳೂರಿಗೆ ಹೋಲಿಸಿದರೆ ಇದು ಸ್ವರ್ಗ ಕಣ್ರಿ" ಅನ್ನುವವರು ಇದ್ದೇ ಇದ್ದೀರಿ. ಒಪ್ಪುತ್ತೇನೆ, ಆದರೆ ಡಾಂಬರಿನ ಕಾರಣಕ್ಕಲ್ಲ. ಬೆಂಗಳೂರಿನ ಪಾಲಿಕೆಗೆ ಕೊನೆಯ ಸಲ ಚುನಾವಣೆ ನಡೆದದ್ದು 2015ರಲ್ಲಿ. ಅದರ ಅವಧಿ 2020ರ ಸೆಪ್ಟೆಂಬರಿಗೆ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಚುನಾಯಿತ ಕೌನ್ಸಿಲ್ಲೇ ಇರಲಿಲ್ಲ, ಆಡಳಿತಾಧಿಕಾರಿಗಳೇ ನಡೆಸಿದರು. ನಡುವೆ ಪಾಲಿಕೆಯನ್ನೇ ಐದು ಹೋಳು ಮಾಡಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮಾಡಿದರು. ಅಲ್ಲಿಯ ನಿವಾಸಿಗೆ ತನ್ನ ಬೀದಿಗೆ ಎಷ್ಟು ಹಣ ಬೇಕು ಅಂತ ಯಾರೂ ಕೇಳಿದ್ದಿಲ್ಲ. ನಮ್ಮನ್ನು ಕೇಳುತ್ತಾರೆ, 75 ಪದಗಳಲ್ಲಿ.

ಕೇಳುವುದು ಎಲ್ಲರನ್ನೂ ಅಲ್ಲ ಅನ್ನುವುದೂ ಇದೆ. ಎಚ್-1ಬಿಯಲ್ಲಿರುವವರು, ಗ್ರೀನ್ ಕಾರ್ಡಿನ ಸರದಿಯಲ್ಲಿ ಹತ್ತು-ಹದಿನೈದು ವರ್ಷದಿಂದ ನಿಂತಿರುವವರು ಪ್ರತಿ ಖರೀದಿಯಲ್ಲೂ ಈ ಅರ್ಧ ಸೆಂಟ್ ಕೊಡುತ್ತಾರೆ, ಮತ ಇಲ್ಲ. ಅಂಥ ಎಷ್ಟೋ ಮನೆಗಳಲ್ಲಿ ಮತಪತ್ರ ಬರುವುದು ಇಲ್ಲೇ ಹುಟ್ಟಿ ಹದಿನೆಂಟು ತುಂಬಿದ ಮಗಳ ಹೆಸರಿಗೆ. ಈ ಬ್ಲಾಗನ್ನು ಕನ್ನಡ ಕಲಿಯಲು ಓದುತ್ತಿರುವ ನೀವೇ ಆ ಮನೆಯ ಏಕೈಕ ಮತದಾರರಾಗಿರಬಹುದು. ಅಧಿಕೃತ ಮತಪತ್ರ ಇಂಗ್ಲಿಷಿನ ಜೊತೆ ಸ್ಪ್ಯಾನಿಷ್, ಚೀನಿ, ವಿಯೆಟ್ನಾಮಿ, ತಗಾಲೊಗ್ ಭಾಷೆಗಳಲ್ಲಿ ಸಿಗುತ್ತದೆ, ಕನ್ನಡದಲ್ಲಿ ಅಲ್ಲ. ಊಟದ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟು ಅಪ್ಪ-ಅಮ್ಮನಿಗೆ ಕನ್ನಡದಲ್ಲಿ ಹೇಳಲು ಪ್ರಯತ್ನಿಸಿ. ಒಂದೊಂದು ಕ್ರಿಯಾಪದಕ್ಕೂ ಅಮ್ಮ "ಯಾವಾಗ? ಎಷ್ಟು?" ಅಂತ ಕೇಳುತ್ತಾರೆ. ಉತ್ತರ ಕೈಪಿಡಿಯ ಒಳಪುಟಗಳಲ್ಲಿ ಇರಬಹುದು, ಇಲ್ಲದೆಯೂ ಇರಬಹುದು.

2026ರ ನವೆಂಬರಿನ ಮತಕ್ಕೆಂದೇ ರಾಜ್ಯ 2025ರಲ್ಲಿ ಎಸ್‌ಬಿ 63 ಅನ್ನುವ ಕಾಯ್ದೆ ಮಾಡಿದೆ. ಐದು ಕೌಂಟಿಗಳಲ್ಲಿ ಹದಿನಾಲ್ಕು ವರ್ಷದ ಮಾರಾಟ ತೆರಿಗೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಸೆಂಟ್, ನಮ್ಮಲ್ಲಿ ಅರ್ಧ. ಈ ಸಲ ಹಣ ಮುಖ್ಯವಾಗಿ ಇರುವ ರೈಲು-ಬಸ್ಸುಗಳನ್ನು ಓಡಿಸುವುದಕ್ಕೆ, ಅಂದರೆ ಹಿಂಡಿ-ಬೂಸಕ್ಕೆ. ನಾಗರಿಕರು ಸಹಿ ಸಂಗ್ರಹಿಸಿ ತಂದರೆ ಮೂರರಲ್ಲಿ ಎರಡು ಪಾಲು ಬೇಕಿಲ್ಲ, ಬಹುಮತ ಸಾಕು ಅನ್ನುವ ದಾರಿಯನ್ನೂ ಅದು ತೆರೆದಿಟ್ಟಿದೆ. ಆ ಪ್ರಶ್ನೆಯನ್ನು ಓದುವಾಗ ಪಕ್ಕದಲ್ಲಿ ಪೂರ್ಣ ಪಠ್ಯ ಇಟ್ಟುಕೊಳ್ಳಿ, ಪೆನ್ಸಿಲ್ ಇಟ್ಟುಕೊಳ್ಳಿ, ಸಾಲುಗಳ ಮುಂದೆ ಡಾಲರ್ ಬರೆಯುತ್ತಾ ಹೋಗಿ. ಅಟ್ಲಾಂಟಾ, ಟೊರಾಂಟೊ, ಮೆಲ್ಬರ್ನ್ ಕಡೆಯ ಕೇಳುಗರು ನಿಮ್ಮ ಊರಿನ ರಸ್ತೆಗೂ ಬಸ್ಸಿಗೂ ದುಡ್ಡು ಎಲ್ಲಿಂದ ಬರುತ್ತದೆ, ನಿಮ್ಮನ್ನು ಯಾರಾದರೂ ಕೇಳುತ್ತಾರೆಯೇ ಅಂತ ಬರೆದು ಕಳಿಸಿ. ಮುಂದಿನ ಕಂತಿನಲ್ಲಿ ಓದುತ್ತೇವೆ.